ಮಗ್ಗದ ಗುಂಡಿಯ ಮೇಲೆ ಬಿಚ್ಚಿಟ್ಟ ಟಿ.ವಿ.

ಮೊದಲು ಅವರ ಬೆರಳುಗಳ ಬಗ್ಗೆ ಹೇಳಬೇಕು. ಆ ಭಾನುವಾರದ ವಿಷಯವನ್ನು ಯಾರಿಗೆ ಹೇಳಹೊರಟರೂ ನಾನು ಗಾಜು ಒಡೆದ ಸದ್ದಿನಿಂದಲೇ ಶುರುಮಾಡಿಬಿಡುತ್ತೇನೆ. ಕೇಳುವವರು ಗಾಬರಿಯಾಗುತ್ತಾರೆ, ಅಯ್ಯೋ ಅನ್ನುತ್ತಾರೆ. ಆದರೆ ಆ ಮನೆಯಿಂದ ಹೋದದ್ದು ಏನು ಎಂಬುದು ಅವರಿಗೆ ತಿಳಿಯುವುದಿಲ್ಲ.

ಮೊಳಕಾಲ್ಮೂರಿನ ಹೈಸ್ಕೂಲಿಗೆ ವಿಜ್ಞಾನದ ಮೇಷ್ಟ್ರಾಗಿ ನಾನು ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ನೇಕಾರರ ಓಣಿಯ ಒಂದು ಮನೆಯ ಮುಂದಿನ ಕೋಣೆ ಬಾಡಿಗೆಗೆ ಸಿಕ್ಕಿತು. ಯಜಮಾನರು ರೇಷ್ಮೆ ಸೀರೆ ನೇಯುವವರು, ನಲವತ್ತು ದಾಟಿದವರು. ಅವರನ್ನು ನಾನು ಅಣ್ಣ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಅಕ್ಕ. ನಡುಮನೆಯ ಅರ್ಧ ಜಾಗವನ್ನು ಗುಂಡಿ ಮಗ್ಗ ಹಿಡಿದಿತ್ತು. ನೇಯುವವರು ನೆಲದ ಅಂಚಿನಲ್ಲಿ ಕೂತು ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೆಳಗಿನ ತುಳಿಹಲಗೆಗಳನ್ನು ಒತ್ತಬೇಕು. ನಮ್ಮ ಸೀಮೆಯ ಗಾಳಿ ಒಣಗಾಳಿ. ಎಳೆ ಬಿರುಸಾಗಿ ತುಂಡಾಗಬಾರದೆಂದು ಅಕ್ಕ ದಿನಾ ಬೆಳಿಗ್ಗೆ ಗುಂಡಿಯ ಮಣ್ಣಿಗೆ ನೀರು ಚಿಮುಕಿಸುತ್ತಿದ್ದರು. ಬೇಸಿಗೆಯಲ್ಲೂ ಆ ಗುಂಡಿಯಲ್ಲಿ ಕಾಲಿಟ್ಟರೆ ತಣ್ಣಗಿರುತ್ತಿತ್ತು.

ಮಗ್ಗಕ್ಕೆ ಉದ್ದಕ್ಕೆ ಹೂಡಿದ ಎಳೆಗಳ ಒಂದು ಹಾಸು ಮುಗಿದು ಹೊಸ ಹಾಸು ಬಂದಾಗ ಹಳೆಯ ಎಳೆಗಳ ತುದಿಗೆ ಹೊಸ ಎಳೆಗಳ ತುದಿಯನ್ನು ಒಂದೊಂದಾಗಿ ಹೊಸೆದು ಸೇರಿಸಬೇಕಾಗುತ್ತದೆ. ಅಚ್ಚು ಕೆಚ್ಚುವುದು ಎನ್ನುತ್ತಾರೆ. ಸಾವಿರಾರು ಎಳೆಗಳು, ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣವು. ಅಣ್ಣ ಬೆರಳ ತುದಿಯನ್ನು ನಾಲಿಗೆಗೆ ತಾಗಿಸಿ, ಪಕ್ಕದ ಬಟ್ಟಲಿನ ಬೂದಿಗೆ ಮುಟ್ಟಿಸಿ, ಎರಡು ತುದಿಗಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒಮ್ಮೆ ಹೊಸೆದರೆ ಮುಗಿಯಿತು, ಗಂಟಿಲ್ಲದೆ ಕೂಡಿಕೊಳ್ಳುತ್ತಿತ್ತು. ಆ ಹೊತ್ತಿನಲ್ಲಿ ಅವರು ಎಳೆಯ ಕಡೆ ನೋಡುತ್ತಲೂ ಇರಲಿಲ್ಲ. ನನ್ನ ಜೊತೆ ಮಾತಾಡುತ್ತಾ, ನಡುನಡುವೆ ತೆಲುಗಿನಲ್ಲಿ ಎಣಿಸುತ್ತಾ ಸಾಗುತ್ತಿದ್ದರು. ಕಸುಬು ಕಲಿಸಿದವರು ರಾಯದುರ್ಗದ ಕಡೆಯವರಂತೆ, ಹಾಗಾಗಿ ಎಣಿಕೆ ಮಾತ್ರ ತೆಲುಗಿನಲ್ಲೇ ಬರುತ್ತಿತ್ತು. ಓಣಿಯ ಬೇರೆ ಮನೆಗಳವರೂ ಕೆಚ್ಚುವುದಕ್ಕೆ ಅವರನ್ನೇ ಕರೆಯುತ್ತಿದ್ದರು. ಆ ಸಂಸಾರ ನಿಂತಿದ್ದದ್ದು ಆ ಬಲಗೈ ಬೆರಳುಗಳ ತುದಿಯ ಮೇಲೆ.

ಇನ್ನೊಂದು ಅಭ್ಯಾಸವಿತ್ತು. ನೇಯುವಾಗ ಬಟ್ಟೆಯ ಮೇಲೆ ಎಲ್ಲಿಯಾದರೂ ಜರಿಯ ತುಂಡು ಎದ್ದು ನಿಂತಿದ್ದರೆ ಅವರಿಗೆ ತಡೆಯುತ್ತಿರಲಿಲ್ಲ. ಬೆರಳು ನಾಲಿಗೆಗೆ ಹೋಗುತ್ತಿತ್ತು, ಅಲ್ಲಿಂದ ಜರಿಗೆ ಬರುತ್ತಿತ್ತು, ತುಂಡು ಬೆರಳಿಗೆ ಅಂಟಿಕೊಂಡು ಮೇಲೇಳುತ್ತಿತ್ತು. ನನ್ನ ಅಂಗಿಯ ಮೇಲಿಂದಲೂ ಎಷ್ಟೋ ಸಲ ಹಾಗೆ ತೆಗೆದಿದ್ದಾರೆ. ಮಾತು ನಿಲ್ಲಿಸುತ್ತಿರಲಿಲ್ಲ, ನನ್ನನ್ನು ಕೇಳುತ್ತಲೂ ಇರಲಿಲ್ಲ. "ಜರಿ ಬಿದ್ದಿದ್ರೆ ಕಣ್ಣಿಗೆ ಮುಳ್ಳು ಚುಚ್ಚಿದಂಗೆ ಆಗ್ತೈತೆ ಮೇಷ್ಟ್ರೇ" ಎನ್ನುತ್ತಿದ್ದರು.

ಟಿ.ವಿ. ಇದ್ದದ್ದು ಅದೇ ನಡುಮನೆಯ ಮೂಲೆಯಲ್ಲಿ. ಮರದ ಪೆಟ್ಟಿಗೆ, ಎರಡೂ ಕಡೆಯಿಂದ ಎಳೆದು ಮುಚ್ಚುವ ಮಡಿಕೆ ಬಾಗಿಲು, ನಾಲ್ಕು ಕಾಲು. ಓಣಿಗೆ ಬಂದ ಮೊದಲ ಟಿ.ವಿ. ಅದು ಎಂದು ಅಕ್ಕ ಹೇಳುತ್ತಿದ್ದರು. ಒಂದು ಕಾಲಕ್ಕೆ ಭಾನುವಾರ ಮನೆ ತುಂಬಾ ಜನ, ಮಗ್ಗದ ಗುಂಡಿಯೊಳಗೂ ಇಳಿದು ಕೂತು ನೋಡುತ್ತಿದ್ದರಂತೆ. ನಾನು ಬರುವ ಹೊತ್ತಿಗೆ ಅದು ಕೆಟ್ಟು ವರ್ಷಗಳಾಗಿದ್ದವು. ಅದರ ನೆತ್ತಿಯ ಮೇಲೆ ಲಾಳಿಗೆ ಹಾಕುವ, ನೂಲು ಸುತ್ತಿದ ಕಂಡಿಕೆಗಳ ಬುಟ್ಟಿ ಇರುತ್ತಿತ್ತು.

ಎದುರು ಮನೆಗೆ ಬಣ್ಣದ ಟಿ.ವಿ. ಬಂದಿತ್ತು. ಸಂಜೆ ಧಾರಾವಾಹಿ ನೋಡಲು ಅಕ್ಕ ಅಲ್ಲಿಗೆ ಹೋಗಿ ಹೊಸ್ತಿಲ ಹತ್ತಿರ ಕೂರುತ್ತಿದ್ದರು. ಒಂದು ದಿನ ಆ ಮನೆಯವರು ನಗುತ್ತಲೇ, "ಓಣಿಯವರೆಲ್ಲ ಇಲ್ಲೇ ನೋಡಿದ್ರೆ ಬಿಲ್ಲು ಮಾತ್ರ ನಮಗೇ ಬರ್ತೈತಲ್ಲ" ಎಂದರಂತೆ. ಅಕ್ಕ ಮಾರನೆಯ ದಿನದಿಂದ ಹೋಗಲಿಲ್ಲ. ಗಂಡನಿಗೂ ಹೇಳಲಿಲ್ಲ. ಆದರೆ ಓಣಿಯಲ್ಲಿ ಮಾತು ನಿಲ್ಲುತ್ತದೆಯೇ? ಅಣ್ಣನ ಕಿವಿಗೆ ಬಿತ್ತು. ಅವರು ಮಗ್ಗದಿಂದ ಕತ್ತೆತ್ತಿ ಮೂಲೆಯ ಪೆಟ್ಟಿಗೆಯನ್ನು ನೋಡಿದರು. "ನಮ್ಮದೇ ಐತಲ್ಲ. ನಿನ್ನ ತಮ್ಮಂಗೆ ಬರಾಕೆ ಹೇಳು" ಎಂದರು.

ಅಕ್ಕನ ತಮ್ಮ ಚಳ್ಳಕೆರೆಯಲ್ಲಿ ರೇಡಿಯೋ, ಟಿ.ವಿ. ರಿಪೇರಿ ಮಾಡುತ್ತಿದ್ದ. ನನ್ನದೇ ವಯಸ್ಸು. ಮಾತು ಜಾಸ್ತಿ, ಕೆಲಸವೂ ಚೆನ್ನಾಗಿ ಬರುತ್ತಿತ್ತು. ಎರಡು ಸಾವಿರದ ಇಸವಿ ದಾಟಿದ ಮೇಲಿನ ಒಂದು ಬೇಸಿಗೆಯಲ್ಲಿ, ಭಾನುವಾರ ಬೆಳಿಗ್ಗೆ, ರೆಗ್ಜಿನ್ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿಳಿದು ಬಂದ. ಬಾಗಿಲಲ್ಲೇ ಶುರು.

"ಏನ್ ಬಾವ, ಇದಕ್ಕೆ ಹಾರ ಹಾಕಿ ಒಂದು ಫೋಟೋ ಹೊಡಿಸೋದು ಬಿಟ್ಟು ನನ್ನ ಕರೆಸೀಯಲ್ಲ."

"ನಿನ್ನ ಕೈಲಿ ಆಗಲ್ಲ ಅಂದ್ರೆ ಹೇಳಿಬಿಡಲೇ. ಬಸ್ಸು ಇನ್ನೂ ಸ್ಟ್ಯಾಂಡ್‌ನಾಗೇ ಐತೆ."

"ಚಳ್ಳಕೆರೆಯಾಗೆ ಹೋಗಿ ಕೇಳು, ಸತ್ತ ಟಿ.ವಿ. ಎಬ್ಬಿಸೋನು ಯಾರು ಅಂತ."

"ಎಬ್ಬಿಸೋನೂ ನೀನೇ, ವಾರಕ್ಕೆ ಮತ್ತೆ ಮಲಗ್ಸೋನೂ ನೀನೇ."

ಅಕ್ಕ ಅಡುಗೆಮನೆಯಿಂದಲೇ, "ಇನ್ನೂ ಚಪ್ಪಲಿ ಬಿಟ್ಟಿಲ್ಲ, ಆಗ್ಲೇ ಹಚ್ಕಂಡ್ರು. ಮೇಷ್ಟ್ರೇ, ನೀವಾದ್ರೂ ಇಬ್ರ ನಡುವೆ ಕೂತ್ಕಳ್ರಿ" ಎಂದರು. ಹೀಗೆ ನಾನು ಅಲ್ಲಿ ಕೂತೆ. ಟಿ.ವಿ.ಯ ಒಳಗನ್ನು ನೋಡುವ ಆಸೆಯೂ ಇತ್ತು. ಪಾಠದಲ್ಲಿ ಕ್ಯಾಥೋಡ್ ಕಿರಣದ ಚಿತ್ರ ಬರೆಯುತ್ತಿದ್ದೆನೇ ಹೊರತು ಬಿಚ್ಚಿದ ಕೊಳವೆಯನ್ನು ಕಂಡವನಲ್ಲ.

ಆ ಮನೆಯಲ್ಲಿ ಚೆನ್ನಾಗಿ ಬೆಳಕು ಬೀಳುವ ಜಾಗ ಒಂದೇ, ಮಗ್ಗದ ಮೇಲಿನ ಬೆಳಕಿಂಡಿಯ ಕೆಳಗೆ. ನೆಯ್ದ ಸೀರೆಯ ಭಾಗಕ್ಕೆ ಬಿಳಿ ಬಟ್ಟೆ ಮುಚ್ಚಿ, ಗುಂಡಿಯ ಅಡ್ಡಕ್ಕೆ ಅಗಲದ ಹಲಗೆ ಹಾಕಿ, ಪೆಟ್ಟಿಗೆಯನ್ನು ಅದರ ಮೇಲೆ ಬೆನ್ನು ನಮ್ಮ ಕಡೆ ಬರುವಂತೆ ಇಟ್ಟರು. ಅಣ್ಣ ಹಲಗೆಯ ಪಕ್ಕ ತಮ್ಮ ಮಾಮೂಲಿ ಜಾಗದಲ್ಲೇ ಗುಂಡಿಗೆ ಕಾಲಿಳಿಸಿ ಕೂತರು.

"ಬಾವ, ಈ ಕಡೆ ಚಾಪೆ ಮೇಲೆ ಬಾ. ಅಲ್ಲಿ ತೇವ ಐತೆ."

"ಬ್ಯಾರೆ ಕಡೆ ಕೂತ್ರೆ ಬೆನ್ನು ನಿಲ್ಲಲ್ಲ ನನಗೆ. ನೀನು ನಿನ್ನ ಕೆಲ್ಸ ನೋಡು."

ಹಿಂದಿನ ರಟ್ಟಿನ ಮುಚ್ಚಳ ತೆಗೆದಾಗ ಒಳಗೆ ಏನೂ ಕಾಣಲಿಲ್ಲ. ವರ್ಷಗಟ್ಟಲೆ ಮಗ್ಗದ ಮನೆಯಲ್ಲಿ ಹಾರಿದ ರೇಷ್ಮೆಯ ನವಿರು ಗಾಳಿಕಿಂಡಿಗಳಿಂದ ಒಳಗೆ ಹೋಗಿ, ಧೂಳಿನ ಜೊತೆ ಕೂಡಿ, ಬೂದು ಬಣ್ಣದ ಕಂಬಳಿಯಂತೆ ಎಲ್ಲದರ ಮೇಲೂ ಹಾಸಿಕೊಂಡಿತ್ತು. ಅಲ್ಲಲ್ಲಿ ಜರಿಯ ಚೂರುಗಳು ಮಿನುಗುತ್ತಿದ್ದವು.

"ಬಾವ, ಇದ್ರಾಗೇ ಒಂದು ಸೀರೆ ಐತಲ್ಲೋ. ನೂತು ಕೊಡು, ಅಕ್ಕ ಉಡ್ಲಿ."

"ಕುಪ್ಪಸಕ್ಕೂ ಸಾಲಲ್ಲ ಅದು. ಊದು ಊದು, ಬಾಯಿ ಹೆಂಗೂ ದೊಡ್ಡದೈತೆ."

ಅವನು ಊದಲಿಲ್ಲ. ಚೀಲದಿಂದ ಪೇಂಟಿನ ಬ್ರಷ್ಷು ತೆಗೆದು ಮೇಲಿಂದ ಕೆಳಕ್ಕೆ ಮೆಲ್ಲನೆ ಸವರುತ್ತಾ ಬಂದ. ಆಮೇಲೆ ಪಿಕ್ಚರ್ ಟ್ಯೂಬು ಕಂಡಿತು. ಹಿಂದಕ್ಕೆ ಕಿರಿದಾಗುತ್ತಾ ಬಂದು, ಕೊನೆಗೆ ಹೆಬ್ಬೆರಳು ಗಾತ್ರದ ಕುತ್ತಿಗೆಯಾಗಿ ಮುಗಿಯುವ ದೊಡ್ಡ ಗಾಜಿನ ಆಲಿಕೆ. ಅದರ ಹೆಗಲ ಮೇಲೆ ಒಂದು ರಬ್ಬರಿನ ಬಟ್ಟಲು ಮಗುಚಿ ಅಂಟಿಸಿದಂತೆ ಕೂತಿತ್ತು. ಅದರಿಂದ ಒಂದು ದಪ್ಪ ವೈರು ಹೊರಟಿತ್ತು.

ಅವನು ಒಂದು ವೈರಿನ ಒಂದು ತುದಿಯನ್ನು ಒಳಗಿನ ಕಬ್ಬಿಣದ ಚೌಕಟ್ಟಿಗೆ ಕಚ್ಚಿಸಿ, ಇನ್ನೊಂದು ತುದಿಯನ್ನು ಉದ್ದನೆಯ ಸ್ಕ್ರೂ ಡ್ರೈವರಿನ ಕಂಬಿಗೆ ಸುತ್ತಿದ. ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಬಲಗೈಯಿಂದ ಸ್ಕ್ರೂ ಡ್ರೈವರನ್ನು ರಬ್ಬರ್ ಬಟ್ಟಲಿನ ಕೆಳಗೆ ತೂರಿಸಿದ. ನಾವು ಉಸಿರು ಹಿಡಿದು ನೋಡಿದೆವು. ಏನೂ ಆಗಲಿಲ್ಲ.

"ಪೂಜೆ ಮುಗೀತೇನಲೇ?" ಎಂದರು ಅಣ್ಣ.

"ನಗಬ್ಯಾಡ ಬಾವ. ಟ್ಯೂಬು ಕರೆಂಟು ಹಿಡ್ಕಂಡಿರ್ತೈತೆ. ಪ್ಲಗ್ಗು ಕಿತ್ತಿಟ್ರೂ ಒಳಗೆ ಹಂಗೇ ಕೂತಿರ್ತೈತೆ. ಹಾಲಿನ ಕ್ಯಾನು ಬಗ್ಗಿಸಿ ಖಾಲಿ ಮಾಡಿಟ್ರೂ ಸ್ವಲ್ಪ ಹೊತ್ತಿಗೆ ತಳದಾಗೆ ಮತ್ತೆ ಹನಿ ನಿಂತಿರ್ತೈತಲ್ಲ, ಹಂಗೆ. ಇದನ್ನ ಮಾಡ್ದೆ ನಾನು ಕೈ ಹಾಕಲ್ಲ."

"ವರ್ಷಗಟ್ಲೆ ಹಚ್ಚಿಲ್ಲ ಇದನ್ನ. ಎಲ್ಲಿಂದ ಬರ್ತೈತೆ?"

"ಇರಲ್ಲ. ಅದಕ್ಕೇ ಸದ್ದು ಬರ್ಲಿಲ್ಲ. ಮೇಷ್ಟ್ರನ್ನ ಕೇಳು ಬೇಕಾದ್ರೆ."

ನಾನು ಹೌದು ಎಂದೆ. ಗಾಜಿನ ಒಳಗೂ ಹೊರಗೂ ಬಳಿದ ಕಪ್ಪು ಲೇಪದ ನಡುವೆ ವಿದ್ಯುತ್ತು ಹೇಗೆ ಶೇಖರವಾಗುತ್ತದೆ ಎಂದು ಹೇಳಿದೆ. ಒಳಗೆ ಗಾಳಿಯೇ ಇಲ್ಲ, ಹೊರಗಿನ ಗಾಳಿ ಎಲ್ಲ ಕಡೆಯಿಂದ ಅದನ್ನು ಅದುಮುತ್ತಿದೆ, ಒಡೆದರೆ ಗಾಜು ಒಳಕ್ಕೆ ನುಗ್ಗಿ ಆಮೇಲೆ ಹೊರಕ್ಕೆ ಚಿಮ್ಮುತ್ತದೆ ಎಂದೂ ಹೇಳಿದೆ. ಅಣ್ಣ ಗಂಭೀರವಾಗಿ ಕೇಳಿದರು. ಆದರೆ ಅವರು ಕಣ್ಣಾರೆ ಕಂಡದ್ದು ಬೇರೆ. ಸ್ಕ್ರೂ ಡ್ರೈವರು ಒಳಗೆ ಹೋಯಿತು, ಹೊರಗೆ ಬಂತು. ಆಮೇಲೆ ಬಾಮೈದ ಬರಿಗೈಯಲ್ಲೇ ರಬ್ಬರ್ ಬಟ್ಟಲು ಎತ್ತಿ, ಅದರ ಒಳಗಿನ ಕೊಕ್ಕೆ ಬಿಡಿಸಿ, ಬಟ್ಟಲನ್ನೂ ಗಾಜಿನ ಹೆಗಲನ್ನೂ ಸ್ಪಿರಿಟ್ಟಿನ ಬಟ್ಟೆಯಿಂದ ಒರೆಸಿ, ಮತ್ತೆ ಒತ್ತಿ ಕೂರಿಸಿದ.

ಕುತ್ತಿಗೆಯ ತುದಿಯ ಸಾಕೆಟ್ಟು ತೆಗೆಯುವಾಗ ಮಾತ್ರ ಅವನ ಬಾಯಿ ಬಂದಾಯಿತು. ಅತ್ತಿತ್ತ ಅಲ್ಲಾಡಿಸಬಾರದು, ನೇರ ಹಿಂದಕ್ಕೆ ಎಳೆಯಬೇಕು. ಗಾಜು ಬಳಪದಷ್ಟು ಸುಲಭವಾಗಿ ಮುರಿಯುತ್ತದೆ. ಮುರಿದರೆ ಅಂಥ ಟ್ಯೂಬು ಈಗ ಎಲ್ಲಿಯೂ ಸಿಗುವುದಿಲ್ಲ. ಅದು ಬಿಟ್ಟುಬಂದಾಗ ಅವನು ದೊಡ್ಡ ಉಸಿರು ಬಿಟ್ಟ. ಒಳಗಿನ ಸೂಜಿಯಂಥ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿತ್ತು.

ಚಾನೆಲ್ ತಿರುಗಿಸುವ ಗುಬಟಿನ ಹಿಂದೆ ಒಂದು ಪುಟ್ಟ ಡಬ್ಬಿ ಇರುತ್ತದೆ. ಅದರೊಳಗಿನ ಉರುಳೆಯ ಸುತ್ತ ಸಾಲಾಗಿ ಹಿತ್ತಾಳೆಯ ಚುಕ್ಕೆಗಳು, ಅವನ್ನು ಮುಟ್ಟುವ ತಗಡಿನ ನಾಲಿಗೆಗಳು. ಎಲ್ಲ ಕಪ್ಪಾಗಿದ್ದವು. ಬಾಮೈದ ಅವನ್ನು ತಿಕ್ಕಲು ಹೋದಾಗ ಒಂದು ನಾಲಿಗೆ ಬಗ್ಗಿತು.

"ಕೊಡಿಲ್ಲಿ" ಎಂದರು ಅಣ್ಣ. "ನಿನ್ನ ಬೆರಳು ಹಾರೆ ಹಿಡಿಯಾಕೆ ಸರಿ."

ಮುಂದಿನ ಒಂದು ಗಂಟೆ ಆ ಮನೆಯಲ್ಲಿ ನಾನು ಕಂಡ ಅತ್ಯಂತ ಸುಖದ ಹೊತ್ತು. ಅಣ್ಣ ಉರುಳೆಯನ್ನು ಮಡಿಲಲ್ಲಿ ಇಟ್ಟುಕೊಂಡು, ಹತ್ತಿಯ ಬತ್ತಿಯನ್ನು ಸ್ಪಿರಿಟ್ಟಿಗೆ ಅದ್ದಿ ಚುಕ್ಕೆಗಳನ್ನು ಒರೆಸಿದರು. ಒಕಟಿ, ರೆಂಡು, ಮೂಡು ಎಂದು ತಮ್ಮಷ್ಟಕ್ಕೆ ಎಣಿಸುತ್ತಾ ಹೋದಂತೆ ಹಿತ್ತಾಳೆ ಹೊಳೆಯತೊಡಗಿತು. ಬಗ್ಗಿದ ನಾಲಿಗೆಯನ್ನು ಉಗುರಿನ ತುದಿಯಿಂದ ನೆಟ್ಟಗೆ ಮಾಡಿದರು. ಕೂದಲಿನಂಥ ಒಂದು ತಂತಿ ಬಿಟ್ಟುಹೋಗಿತ್ತು. ಅದರ ತುದಿಯನ್ನು ನಾಲಿಗೆಗೆ ತಾಗಿಸಿದ ಬೆರಳಿನಿಂದ ಹೊಸೆದು ಕೂಡಿಸಿ ಕೊಟ್ಟರು. ಬಾಮೈದ ಅದಕ್ಕೆ ಬೆಸುಗೆ ಹಾಕಿದ.

"ಬಾವ, ಮಗ್ಗ ಬಿಟ್ಟು ನನ್ನ ಅಂಗಡಿಗೆ ಬಾ. ಕೂಲಿ ಕೊಡ್ತೀನಿ."

"ನೀನೇ ಅಕ್ಕನ ಮನ್ಯಾಗೆ ಉಣ್ಣಾಕೆ ಬರ್ತೀಯ. ನನಗೇನು ಕೂಲಿ ಕೊಡ್ತೀಯಲೇ?"

ಮಧ್ಯಾಹ್ನದ ಹೊತ್ತಿಗೆ ಎಲ್ಲ ಕೂಡಿಸಿ ಆಯಿತು. ಹಿಂದಿನ ಮುಚ್ಚಳ ಮಾತ್ರ ಹಾಕಲಿಲ್ಲ. ಅರ್ಧ ಹೊರಗೆ ಎಳೆದ ಚೌಕಟ್ಟು ಹಲಗೆಯಿಂದಾಚೆಗೆ ಸ್ವಲ್ಪ ಚಾಚಿಕೊಂಡಿತ್ತು. ಹಳೆಯ ಆಂಟೆನಾದ ವೈರು ಸಿಕ್ಕಿಸಿ ಸ್ವಿಚ್ಚು ಹಾಕಿದ. ಮೊದಲು ಸುಟ್ಟ ಧೂಳಿನ ವಾಸನೆ ಬಂತು. ಆಮೇಲೆ ಸರ್ರೆಂಬ ಸದ್ದು. ನಾನು ಮುಂದುಗಡೆ ಹೋಗಿ ನಿಂತೆ. ಬಿಳಿ ಚುಕ್ಕೆಗಳು ಕುಣಿದವು, ಅಡ್ಡ ಗೆರೆಗಳು ಬಂದವು. ಬಾಮೈದ ಹಿಂದಿನಿಂದ ಏನನ್ನೋ ತಿರುಗಿಸಿದ. ಒಬ್ಬ ಹೆಂಗಸು ಬೆಂಡೆಗಿಡದ ರೋಗದ ಬಗ್ಗೆ ಹೇಳುತ್ತಿರುವುದು ಕಾಣಿಸಿತು. ಬೂದು ಬಣ್ಣದ, ಸ್ವಲ್ಪ ನಡುಗುವ ಹೆಂಗಸು.

ಅಕ್ಕ ಹಿಟ್ಟು ಮೆತ್ತಿದ ಕೈಯಲ್ಲೇ ಬಂದು ಬಾಗಿಲಿಗೆ ಆತು ನಿಂತರು. ಬೆಂಡೆಗಿಡದ ರೋಗವನ್ನು ಅಷ್ಟು ಆಸೆಯಿಂದ ಕೇಳಿದವರನ್ನು ನಾನು ಬೇರೆ ಕಂಡಿಲ್ಲ. ಅಣ್ಣ ಟಿ.ವಿ. ನೋಡಲಿಲ್ಲ, ಅಕ್ಕನ ಮುಖ ನೋಡುತ್ತಿದ್ದರು.

ಆಗ ಹಿಂದುಗಡೆ ಚಿಟಿಚಿಟಿ ಎಂದಿತು. ರಬ್ಬರ್ ಬಟ್ಟಲಿನ ಅಂಚಿನಲ್ಲಿ ನೇರಳೆ ಬಣ್ಣದ ಸಣ್ಣ ಬೆಳಕು ಮಿಣುಕಿತು. ಬಾಮೈದ ಬಗ್ಗಿ ನೋಡಿ, "ಜರಿ ಎಳೆ. ಬಟ್ಟಲು ಕೂರಿಸೋವಾಗ ಒಳಗೆ ಸಿಕ್ಕಂಡೈತೆ" ಎಂದ. ಅವನು ಸ್ವಿಚ್ಚಿನ ಕಡೆ ಕೈ ಚಾಚುವಷ್ಟರಲ್ಲಿ ಕರೆಂಟೇ ಹೋಯಿತು. ಬೇಸಿಗೆಯಲ್ಲಿ ಮಧ್ಯಾಹ್ನ ಹೋದರೆ ಮತ್ತೆ ಬರುವುದು ಸಂಜೆಯೇ. ಓಣಿಯ ಫ್ಯಾನು, ರೇಡಿಯೋ ಎಲ್ಲ ಒಟ್ಟಿಗೆ ನಿಂತು ಸದ್ದಡಗಿತು. ಆದರೂ ಅವನು ಪ್ಲಗ್ಗು ಕಿತ್ತು ವೈರನ್ನು ಪೆಟ್ಟಿಗೆಯ ಮೇಲೆ ಹಾಕಿದ.

"ಉಂಡು ಬಂದು ತೆಗೀತೀನಿ. ಬೆಳಿಗ್ಗೆ ಖಾಲಿ ಇತ್ತು ಬಾವ, ಈಗ ತುಂಬ್ಕಂಡೈತೆ. ಯಾರೂ ಹಿಂದುಗಡೆ ಕೈ ಹಾಕಬ್ಯಾಡ್ರಿ."

"ಊರಿಗೇ ಕರೆಂಟಿಲ್ಲ, ನಿನ್ನ ಡಬ್ಬದಾಗೆ ಎಲ್ಲಿಂದ ಬಂತಲೇ?"

ಎಲ್ಲರೂ ನಕ್ಕೆವು. ಅವನೂ ನಕ್ಕ.

ಮುದ್ದೆ, ಹುರುಳಿ ಸಾರು. ಅಕ್ಕ ತಮ್ಮನಿಗೆ ಎರಡನೆಯ ಮುದ್ದೆ ಬಲವಂತವಾಗಿ ಹಾಕಿದರು. ಸಂಜೆ ಎದುರು ಮನೆಯವರನ್ನೂ ಕರೆಯಬೇಕು ಎಂದು ಅಣ್ಣ ಹೇಳಿದರು. "ನಮ್ಮನೆಗೆ ಬಂದು ನೋಡ್ಲಿ. ನಾವೇನು ಬಿಲ್ಲು ಕೇಳಲ್ಲ." ಅಕ್ಕ, "ಸುಮ್ಕಿರ್ರಿ, ಯಾಕೆ ಆ ಮಾತು" ಎಂದರು, ಆದರೆ ಮುಖದಲ್ಲಿ ನಗು ಇತ್ತು. ಊಟ ಮುಗಿಸಿ ಬಾಮೈದ ಎಲೆಅಡಿಕೆ ತರುತ್ತೇನೆಂದು ಓಣಿಯ ತುದಿಯ ಅಂಗಡಿಗೆ ಹೋದ. ಅಕ್ಕ ತಟ್ಟೆಗಳನ್ನು ಹಿತ್ತಲಿಗೆ ಒಯ್ದರು. ನಾನು ನೀರಿನ ಲೋಟ ಹಿಡಿದು ನಡುಮನೆಯ ಹೊಸ್ತಿಲಲ್ಲಿ ನಿಂತಿದ್ದೆ.

ಅಣ್ಣ ಬಂದು ತಮ್ಮ ಜಾಗದಲ್ಲಿ ಕೂತರು. ಕಾಲು ಗುಂಡಿಗೆ ಇಳಿಯಿತು. ಟಿ.ವಿ. ಮುಟ್ಟಬೇಕೆಂದು ಅವರು ಕೂರಲಿಲ್ಲ. ಇದನ್ನು ನಾನು ಎಷ್ಟು ಜನಕ್ಕೆ ಎಷ್ಟು ಸಲ ಹೇಳಿದ್ದೇನೋ. ಉಂಡ ಮೇಲೆ ಅವರು ಕೂರುತ್ತಿದ್ದದ್ದೇ ಅಲ್ಲಿ. ಬೆಳಕಿಂಡಿಯ ಬಿಸಿಲು ನೇರವಾಗಿ ಕೊಳವೆಯ ಹೆಗಲ ಮೇಲೆ ಬಿದ್ದಿತ್ತು. ಕಪ್ಪು ರಬ್ಬರಿನ ಅಂಚಿನಿಂದ ಜರಿಯ ಎಳೆಯೊಂದು ಹೊರಗೆ ಇಣುಕಿ ಚಿನ್ನದ ಹಾಗೆ ಮಿನುಗುತ್ತಿತ್ತು. ಅವರು ನನ್ನ ಕಡೆ ತಿರುಗಿ, ಶಾಲೆ ಯಾವಾಗ ಶುರು ಎಂದೋ ಏನೋ ಕೇಳುತ್ತಿದ್ದರು. ಕೇಳುತ್ತಿರುವಾಗಲೇ ಬಲಗೈ ಬೆರಳು ನಾಲಿಗೆಗೆ ಹೋಯಿತು.

ಆ ಚಲನೆಯನ್ನು ನಾನು ದಿನಾ ನೋಡುತ್ತಿದ್ದೆ. ನನ್ನ ಅಂಗಿಯ ಮೇಲೆ, ಸೀರೆಯ ಮೇಲೆ. ಆದ್ದರಿಂದ ಅದು ಎಲ್ಲಿಗೆ ಹೊರಟಿದೆ ಎಂದು ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. ಇಷ್ಟು ವರ್ಷಗಳಲ್ಲಿ ಮನಸ್ಸಿನೊಳಗೆ ಆ ಕೈಯನ್ನು ನಾನು ಅದೆಷ್ಟೋ ಸಲ ನಿಲ್ಲಿಸಿದ್ದೇನೆ. ಒಮ್ಮೆ ನನ್ನ ಕೋಣೆಯಲ್ಲಿ ಒಬ್ಬನೇ ಕೂತು ಪರೀಕ್ಷೆ ಮಾಡಿಯೂ ನೋಡಿದೆ. ಬೆರಳು ನಾಲಿಗೆಗೆ ತಾಗಿಸಿ, ಮೊಳದಾಚೆಯ ಗೋಡೆಗೆ ಚಾಚುತ್ತಾ, ಅದೇ ಹೊತ್ತಿಗೆ "ಅಣ್ಣಾ" ಎನ್ನುವುದು. ಮಾತು ಮುಗಿಯುವ ಮೊದಲು ಬೆರಳು ಗೋಡೆ ಮುಟ್ಟಿರುತ್ತದೆ. ಬೇಗ ಹೇಳಿದರೂ ಅಷ್ಟೇ.

ಒಣಕಡ್ಡಿ ಮುರಿದಂತೆ ಚಟ್ಟೆಂದಿತು. ಅವರ ತೋಳು ತನ್ನಷ್ಟಕ್ಕೆ ತಾನು ಮೇಲಕ್ಕೆ ಹಾರಿ ಹೊರಗೆ ಚಾಚಿದ್ದ ಚೌಕಟ್ಟಿಗೆ ಬಡಿಯಿತು. ಹಲಗೆ ಜರುಗಿತು. ಅವರು ಗುಂಡಿಯೊಳಕ್ಕೆ ಜಾರಿದರು. ಆ ಭಾರದ ಪೆಟ್ಟಿಗೆ ನಿಧಾನವಾಗಿ, ನನಗೆ ಈಗಲೂ ನಿಧಾನವಾಗಿಯೇ ಕಾಣುತ್ತದೆ, ಹಿಂದಕ್ಕೆ ವಾಲಿ, ಕುತ್ತಿಗೆ ಮುಂದಾಗಿ ಅವರ ಹಿಂದೆಯೇ ಗುಂಡಿಗೆ ಇಳಿಯಿತು.

ಸದ್ದು ಗಾಜಿನದಾಗಿರಲಿಲ್ಲ. ಲಾರಿಯ ಟೈರು ಸಿಡಿದಂತಿತ್ತು. ಆಮೇಲೆ ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಜಂತೆಗೆ ಹೋಗಿ ಬಡಿದಿದ್ದ ಗಾಜಿನ ಪುಡಿ ಸೀರೆಗೆ ಮುಚ್ಚಿದ ಬಿಳಿ ಬಟ್ಟೆಯ ಮೇಲೆ ಸಣ್ಣಗೆ ಉದುರಿತು. ಬಿಸಿಲಿನಲ್ಲಿ ಚೆನ್ನಾಗಿ ಕಾಣುತ್ತಿತ್ತು.

ನಾನು ನಿಂತಲ್ಲೇ ಇದ್ದೆ. ಹಿತ್ತಲಿನಿಂದ ಓಡಿಬಂದ ಅಕ್ಕ ನನ್ನನ್ನು ದಾಟಿ ಗುಂಡಿಗೆ ಇಳಿದರು. ಬರಿಗಾಲು, ತುಂಬಾ ಗಾಜು. ಅಣ್ಣನ ಬಲಗೈ ಮಣಿಕಟ್ಟಿನ ಒಳಬದಿ ತೆರೆದುಕೊಂಡು ರಕ್ತ ಮೊಣಕೈವರೆಗೆ ಇಳಿಯುತ್ತಿತ್ತು. ಗದ್ದದ ಮೇಲೂ ಗೀರುಗಳಿದ್ದವು. ಅಕ್ಕ ಆ ಬಿಳಿ ಬಟ್ಟೆಯನ್ನು ಎಳೆದು, ಒಮ್ಮೆ ಜೋರಾಗಿ ಕೊಡವಿ, ಮಣಿಕಟ್ಟಿಗೆ ಸುತ್ತಿ ಬಿಗಿದರು. "ಮೇಷ್ಟ್ರೇ, ಹಿಡ್ಕಳ್ರಿ. ಗಟ್ಟಿ ಹಿಡ್ಕಳ್ರಿ" ಎಂದರು. ಆಗ ನಾನೂ ಇಳಿದು ಎರಡೂ ಕೈಯಲ್ಲಿ ಅದುಮಿ ಹಿಡಿದೆ. ಬಟ್ಟೆ ಬಿಸಿಯಾಗುತ್ತಾ ಬಂತು.

ಅಣ್ಣನಿಗೆ ಎಚ್ಚರವಿತ್ತು. ನನ್ನ ಹಿಡಿತದಾಚೆ ಹೊರಗೆ ಉಳಿದಿದ್ದ ತಮ್ಮ ಬೆರಳುಗಳನ್ನು ಎಡಗೈಯಿಂದ ಒಂದೊಂದಾಗಿ ಮುಟ್ಟಿ ನೋಡಿಕೊಳ್ಳುತ್ತಿದ್ದರು.

"ಮುಟ್ಟಿದ್ದು ಗೊತ್ತಾಗ್ತಿಲ್ಲ" ಎಂದರು. ಸ್ವಲ್ಪ ಹೊತ್ತಿಗೆ ಮತ್ತೆ, "ಮೇಷ್ಟ್ರೇ, ನನಗೆ ಮುಟ್ಟಿದ್ದೇ ಗೊತ್ತಾಗ್ತಿಲ್ಲ."

ಬಾಮೈದ ಎಲೆಅಡಿಕೆಯ ಪೊಟ್ಟಣ ಹಿಡಿದು ಬಾಗಿಲಿಗೆ ಬಂದ. ಗುಂಡಿಯನ್ನೂ ನಮ್ಮನ್ನೂ ನೋಡಿದ. ನಾನೇ "ಜರಿ" ಎಂದೆ. ಬೇರೆ ಏನೂ ಹೇಳಬೇಕಾಗಲಿಲ್ಲ. ಎದುರು ಮನೆಯವರ ಹತ್ತಿರ ಸಾಮಾನು ಸಾಗಿಸುವ ಆಟೋ ಇತ್ತು. ಸದ್ದು ಕೇಳಿ ಅವರೇ ಓಡಿಬಂದಿದ್ದರು. ಬಿಲ್ಲಿನ ಮಾತಾಡಿದ್ದವರೇ. ಮರು ಮಾತಿಲ್ಲದೆ ಆಟೋ ತಂದರು. ಊರಿನ ಆಸ್ಪತ್ರೆಯಲ್ಲಿ ರಕ್ತ ನಿಲ್ಲಿಸಿ ಚಿತ್ರದುರ್ಗಕ್ಕೆ ಬರೆದುಕೊಟ್ಟರು. ಬಾಮೈದನೂ ಜೊತೆಗೆ ಬಂದ. ಪೊಟ್ಟಣ ಅವನ ಕೈಯಲ್ಲೇ ಇತ್ತು. ಚಳ್ಳಕೆರೆ ದಾಟುವಾಗ ನೋಡಿದೆ, ಎಲೆ ಹಿಸುಕಿ ಅಂಗೈ ಹಸಿರಾಗಿತ್ತು.

ಜೀವಕ್ಕೆ ಏನೂ ಆಗಲಿಲ್ಲ. ಎಲ್ಲರೂ ಅದನ್ನೇ ಹೇಳಿದರು, ಅದು ನಿಜವೂ ಹೌದು. ಮಣಿಕಟ್ಟಿನ ನರ ಹೊಲಿದರು. ಕೈ ಮಡಚಲು ಬಂತು, ಲೋಟ ಹಿಡಿಯಲು ಬಂತು. ಬೆರಳ ತುದಿಗೆ ಮಾತ್ರ ಏನೂ ಬರಲಿಲ್ಲ. ನರ ಮೆಲ್ಲಗೆ ಬೆಳೆಯುತ್ತದೆ, ಸ್ಪರ್ಶ ತಿರುಗಿ ಬರಬಹುದು, ಬರದೆಯೂ ಇರಬಹುದು ಎಂದರು ವೈದ್ಯರು.

ಮಗ್ಗದ ಮೇಲಿದ್ದ ಸೀರೆಯನ್ನು ಓಣಿಯ ಬೇರೆಯವರು ಬಂದು ಮುಗಿಸಿಕೊಟ್ಟರು. ಸೆರಗಿನ ಮಡಿಕೆಗಳಲ್ಲಿ ಗಾಜಿನ ಪುಡಿ ಸಿಗುತ್ತಲೇ ಇತ್ತು. ಆಮೇಲೆ ಗುಂಡಿಗೆ ಅಕ್ಕ ಇಳಿದರು. ಅವರಿಗೆ ಸಾದಾ ನೇಯ್ಗೆ ಬರುತ್ತಿತ್ತು, ಬುಟ್ಟಾ ಬರುತ್ತಿರಲಿಲ್ಲ. ಹೊಸ ಹಾಸು ಬಂದಾಗ ಕೆಚ್ಚುವುದಕ್ಕೆ ಅಣ್ಣ ಬೇರೆ ಮನೆಗಳಿಗೆ ಹೋಗಿ ಕರೆಯಬೇಕಾಯಿತು. ಹಿಂದೆ ಅಕ್ಕ ಮಾಡುತ್ತಿದ್ದ ಕಂಡಿಕೆ ಸುತ್ತುವ ಕೆಲಸವನ್ನು ಅವರು ಎಡಗೈಯಲ್ಲಿ ರಾಟೆ ತಿರುಗಿಸುತ್ತಾ ಮಾಡಿದರು. ಕಂಡಿಕೆಗಳು ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ ಬರುತ್ತಿದ್ದವು. ಅಕ್ಕ ಅವನ್ನೇ ಲಾಳಿಗೆ ಹಾಕಿಕೊಳ್ಳುತ್ತಿದ್ದರು.

ಬಾಮೈದ ಭಾನುವಾರ ಬರುತ್ತಿದ್ದ. ಬಂದವನು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, "ಹೆಂಗಿದೀರಿ ಬಾವಾರೇ?" ಎನ್ನುತ್ತಿದ್ದ. ಅಣ್ಣನಿಗೆ ಅದು ಸಹಿಸುತ್ತಿರಲಿಲ್ಲ.

"ಏನಲೇ, ರೀ ಅಂತೀಯ? ನಾನೇನು ನಿನಗೆ ತಹಶೀಲ್ದಾರನಾ?"

"ಇಲ್ಲ ಬಾವಾರೇ."

"ಬೈಯೋ ಏನಾದ್ರೂ. ಕುಂಟ ಕೈಯೋನೇ ಅನ್ನು."

ಅವನು ತಲೆ ತಗ್ಗಿಸಿಕೊಂಡು ಕೂರುತ್ತಿದ್ದ. ಚಳ್ಳಕೆರೆಯ ಅಂಗಡಿಯಲ್ಲಿ ಟ್ಯೂಬಿರುವ ಟಿ.ವಿ. ಮುಟ್ಟುವುದನ್ನು ಬಿಟ್ಟನೆಂದೂ ಬರೀ ರೇಡಿಯೋ, ಟೇಪ್ ರೆಕಾರ್ಡರ್ ನೋಡುತ್ತಾನೆಂದೂ ಅಕ್ಕ ಹೇಳಿದರು. ಮರದ ಪೆಟ್ಟಿಗೆಯನ್ನು ಯಾರೂ ಒಲೆಗೆ ಹಾಕಲಿಲ್ಲ. ಒಳಗೆಲ್ಲ ಖಾಲಿ ಮಾಡಿ ಅದೇ ಮೂಲೆಯಲ್ಲಿ ಇಟ್ಟರು. ಅದರ ಮೇಲೆ ಮತ್ತೆ ಕಂಡಿಕೆ ಬುಟ್ಟಿ ಬಂತು.

ನನಗೆ ವರ್ಗವಾಗುವ ಮೊದಲು, ಮುಂದಿನ ಬೇಸಿಗೆಯ ಒಂದು ಮಧ್ಯಾಹ್ನ, ನಾನು ಶಾಲೆಯಿಂದ ಬಂದು ನಡುಮನೆಯ ಹೊಸ್ತಿಲಲ್ಲಿ ನಿಂತೆ. ಕರೆಂಟು ಹೋಗಿ ಓಣಿ ಸುಮ್ಮನಿತ್ತು. ಅಕ್ಕ ಗುಂಡಿಯ ಅಂಚಿನಲ್ಲಿ ಕೂತಿದ್ದರು, ಅಣ್ಣ ಎದುರಿಗೆ ಚಾಪೆಯ ಮೇಲೆ, ಕಣ್ಣು ಮುಚ್ಚಿ, ಬಲಗೈಯನ್ನು ಮೇಲ್ಮುಖವಾಗಿ ಚಾಚಿ. ಅಕ್ಕನ ಮಡಿಲಲ್ಲಿ ಎರಡು ತುಂಡು ಎಳೆಗಳಿದ್ದವು, ಒಂದು ಬರೀ ರೇಷ್ಮೆ, ಒಂದು ಜರಿ. ಅವರು ಒಂದನ್ನು ತೆಗೆದು ಗಂಡನ ತೋರುಬೆರಳ ತುದಿಯ ಮೇಲೆ ಇಡುತ್ತಿದ್ದರು. ಅಣ್ಣ ಹೆಬ್ಬೆರಳಿನಿಂದ ಅದನ್ನು ಹೊಸೆಯುತ್ತಾ ಹಣೆ ಗಂಟಿಕ್ಕಿ ಯೋಚಿಸುತ್ತಿದ್ದರು.

"ರೇಷ್ಮೆ" ಎಂದರು.

ಬೆರಳ ಮೇ‌ಲಿದ್ದದ್ದು ಜರಿ. ಬಿಸಿಲಿಗೆ ಹೊಳೆಯುತ್ತಿದ್ದದ್ದು ನಾನು ನಿಂತಲ್ಲಿಗೂ ಕಾಣುತ್ತಿತ್ತು.

"ಹೂಂ, ರೇಷ್ಮೆ" ಎಂದರು ಅಕ್ಕ. ಅದನ್ನೇ ಎತ್ತಿ, ಸ್ವಲ್ಪ ತಡೆದು, ಮತ್ತೆ ಅದೇ ಜಾಗದಲ್ಲಿ ಇಟ್ಟರು.

"ಜರಿ."

"ಹೂಂ, ಜರಿ."

"ರೆಂಡು" ಎಂದು ಅಣ್ಣ ತಮ್ಮಷ್ಟಕ್ಕೆ ಎಣಿಸಿಕೊಂಡರು. ಅಕ್ಕ ತಲೆಯೆತ್ತಿ ನನ್ನನ್ನು ನೋಡಿದರು. ನಾನು ಲೋಟ ತೆಗೆದುಕೊಳ್ಳುವ ನೆಪದಲ್ಲಿ ಅಡುಗೆಮನೆಯ ಕಡೆ ಹೆಜ್ಜೆ ಹಾಕಿದೆ. ಹಿಂದಿನಿಂದ ಮತ್ತೆ ಅಣ್ಣನ ದನಿ ಕೇಳಿತು, "ಇನ್ನೊಂದು ಇಡು." ತಿರುಗಿ ನೋಡಿದೆ. ಸರಿಯೋ ತಪ್ಪೋ ಎಂದು ಒಮ್ಮೆಯಾದರೂ ಅವರು ಕಣ್ಣು ತೆರೆದು ನೋಡಬಹುದಿತ್ತು. ಅವರು ತೆರೆಯಲಿಲ್ಲ.